ಗಂಗಾವತಿಯ ಸಣ್ಣ ಎಂಜಿನ್ನುಗಳು

ಗಂಗಾವತಿಯಲ್ಲಿ ಭತ್ತ ತೆನೆಗಟ್ಟುವ ಕಾಲಕ್ಕೆ ಮುಂಜಾನೆಯಿಂದಲೇ ಪೆಟ್ರೋಲ್ ಪಂಪುಗಳ ಸದ್ದು ಶುರುವಾಗುತ್ತಿತ್ತು. ಬಂಕಿನ ಪಂಪಲ್ಲ, ಬೆನ್ನಿಗೆ ಹೊತ್ತು ಎಣ್ಣೆ ಹೊಡೆಯುವ ಪವರ್ ಸ್ಪ್ರೇಯರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿದ ಮೇಲೆ ಈ ಸೀಮೆ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. ಭತ್ತದ ಹಿಂದೆಯೇ ಕಂದು ಜಿಗಿಹುಳು, ಬೆಂಕಿ ರೋಗ. ಅವುಗಳ ಹಿಂದೆ ಸ್ಪ್ರೇಯರು, ಸ್ಪ್ರೇಯರಿನ ಹಿಂದೆ ಅದನ್ನು ರಿಪೇರಿ ಮಾಡುವ ಮೇಸ್ತ್ರಿಗಳು. ಕುಷ್ಟಗಿ, ಯಲಬುರ್ಗಾ ಕಡೆ ಆಗ ಜೋಳ, ಸಜ್ಜೆ, ಶೇಂಗಾ. ಅಲ್ಲಿಂದ ಈ ಎಂಜಿನ್ ರಿಪೇರಿಗೆ ಬರುವುದು ಅಪರೂಪ.

ನಾನು ಬಿಡಿಭಾಗದ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದೆ. ಪಿಸ್ಟನ್ ರಿಂಗು, ಕಾಯಿಲು, ಪ್ಲಗ್ಗು, ಜಗ್ಗಿ ಚಾಲೂ ಮಾಡುವ ಹಗ್ಗ ಮಾರುವುದು ನನ್ನ ಕೆಲಸ. ಪಕ್ಕದಲ್ಲೇ ಒಬ್ಬ ಹಿರಿಯ ಮೇಸ್ತ್ರಿ. ಟೂ ಸ್ಟ್ರೋಕ್ ಎಂಜಿನ್ನಿನ ಸದ್ದು ಕೇಳಿಯೇ ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆತಿದೆ ಎಂದು ಹೇಳಿಬಿಡುವ ಮನುಷ್ಯ. ಲೀಟರಿಗೆ 40 ಎಂಎಲ್ ಹಾಕಬೇಕಾದಲ್ಲಿ ರೈತರು ಕೈಯಳತೆಯಲ್ಲಿ ಸುರಿಯುತ್ತಿದ್ದರು. ಹೆಚ್ಚಾದರೆ ಪ್ಲಗ್ ಮಸಿ ಹಿಡಿಯುತ್ತಿತ್ತು, ಕಡಿಮೆಯಾದರೆ ಪಿಸ್ಟನ್ ಜಾಮ್. ಎರಡರಿಂದಲೂ ನಮಗೆ ವ್ಯಾಪಾರ.

ಇಂಜಿನಿಯರಿಂಗ್ ಓದುವ ಹುಡುಗರಿಬ್ಬರು ಒಂದು ಬೇಸಿಗೆಯಲ್ಲಿ ಅಲ್ಲಿಗೆ ಬಂದರು. ರಿಮೋಟಿನಲ್ಲಿ ಹಾರುವ ವಿಮಾನ ಕಟ್ಟಿದ್ದರು. ಬಾಲ್ಸಾ ಕಟ್ಟಿಗೆ, ಪ್ಲೈವುಡ್, ಆಳೆತ್ತರ ಮೀರಿದ ರೆಕ್ಕೆ. ಇಂಥ ವಿಮಾನಕ್ಕೆ ಸಾಮಾನ್ಯವಾಗಿ ಕೂರಿಸುವ ಗ್ಲೋ ಎಂಜಿನ್ನಿಗೆ ಮೆಥನಾಲ್, ನೈಟ್ರೋಮೀಥೇನ್, ಔಡಲೆಣ್ಣೆ ಬೇಕು. ಔಡಲೆಣ್ಣೆಗೆ ನಮ್ಮಲ್ಲಿ ಬರವಿಲ್ಲ, ಉಳಿದೆರಡನ್ನು ತರುವುದೆಲ್ಲಿಂದ? ಪೆಟ್ರೋಲ್ ಎಂಜಿನ್ನೇ ಕೂರಿಸುವುದೆಂದು ಹಟ ಹಿಡಿದಿದ್ದರು.

“ಕಾಕಾ, ಪಂಪಿನ ಎಂಜಿನ್ ಕುಂದ್ರಿಸಿ ಕೊಡ್ರಿ.”

“ತಮ್ಮಾ, ಇದು ಬೆನ್ನ ಮ್ಯಾಲೆ ನಿಂತು ದುಡಿಯೋ ಎಂಜಿನ್ ಐತಿ. ಮಕಾಡೆ ಮಲಗಿಸಿದ್ರ ಉಸುರು ಕಟ್ತೈತಿ.”

ಆ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಇತ್ತು. ಹಳೆಯ ಸ್ಪ್ರೇಯರುಗಳ ಕಾರ್ಬೊರೇಟರಿನೊಳಗೆ ತೇಲುವ ಫ್ಲೋಟ್ ಇರುತ್ತದೆ, ಮೇಲಿನ ಟಾಂಕಿಯಿಂದ ಪೆಟ್ರೋಲ್ ತಾನಾಗಿ ಇಳಿಯುತ್ತದೆ. ವಿಮಾನ ವಾಲಿದರೆ, ತಲೆಕೆಳಗಾದರೆ ಲೆಕ್ಕ ತಪ್ಪುತ್ತದೆ. ಹುಡುಗರು ನಂಬಲಿಲ್ಲ. ಮರದ ಹಲಗೆಗೆ ಬಿಗಿದು ಮೇಸ್ತ್ರಿ ಚಾಲೂ ಮಾಡಿ ತೋರಿಸಿದರು. ಹಲಗೆ ವಾಲಿಸಿದೊಡನೆ ಎಂಜಿನ್ ಕೆಮ್ಮಿ ನಿಂತಿತು. ಕಳೆ ಕತ್ತರಿಸುವ ಯಂತ್ರದ ಎಂಜಿನ್ನಿನಲ್ಲಿ ಆ ತೊಂದರೆ ಇಲ್ಲ. ಅದರ ಕಾರ್ಬೊರೇಟರಿನಲ್ಲಿ ಫ್ಲೋಟಿನ ಬದಲು ಡಯಾಫ್ರಮ್. ಕ್ರಾಂಕ್‌ಕೇಸಿನ ಒತ್ತಡದ ಮಿಡಿತಕ್ಕೆ ಅದು ಬಡಿದು ತಾನೇ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಹೀಗಾಗಿ ಎಂಜಿನ್ ಬದಲಾಯಿತು.

ಕ್ಲಚ್ಚು, ಹೊರಗವಸು ಬಿಚ್ಚಿ ತೂಕ ಇಳಿಸಿದರು. ಪ್ರೊಪೆಲ್ಲರ್ ಕೂರಿಸುವ ಹಬ್ ಮಾಡಿಕೊಟ್ಟವರು ಅಕ್ಕಿ ಗಿರಣಿಯ ಶಾಫ್ಟ್ ತಿರುವುವ ಲೇತಿನವರು. ಗಿರಣಿಯ ಕೆಲಸ ಬದಿಗಿಟ್ಟು, ಕೂದಲೆಳೆಯಷ್ಟೂ ಓಲಾಟ ಬಾರದಂತೆ ಕಡೆದುಕೊಟ್ಟರು. ಎಂಜಿನ್ನನ್ನು ನೇರವಾಗಿ ಕೂರಿಸುವಂತಿಲ್ಲ, ಎರಡು ಮೂರು ಡಿಗ್ರಿ ಬಲಕ್ಕೆ, ಅಷ್ಟೇ ಕೆಳಕ್ಕೆ ಮುಖ ಮಾಡಿಸಬೇಕು. ಇಲ್ಲವಾದರೆ ಪೂರ್ತಿ ವೇಗ ಕೊಟ್ಟಾಗ ವಿಮಾನ ಎಡಕ್ಕೆ ಎಳೆಯುತ್ತದೆ, ಮೂತಿ ಎತ್ತುತ್ತದೆ. ವಾಷರು ಸೇರಿಸಿ ಸೇರಿಸಿ ಆ ಓರೆ ತಂದರು. ಮೂತಿ ಭಾರವಾಯಿತೆಂದು ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದರು. ರೆಕ್ಕೆಯ ಮುಂದಿನ ಅಂಚಿನಿಂದ ಅಳೆದರೆ, ಅಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ಮಧ್ಯೆ ತೂಕದ ನಡುವು ನಿಲ್ಲಬೇಕು. ಎರಡು ಬೆರಳ ಮೇಲೆ ರೆಕ್ಕೆ ಎತ್ತಿ ನೋಡುವುದೇ ಪರೀಕ್ಷೆ.

ಮೇಸ್ತ್ರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಎಂಜಿನ್ ತಿರುಗಿದೊಡನೆ ಬಾಲದ ಪಟ್ಟಿಗಳು ಹುಚ್ಚು ಹಿಡಿದಂತೆ ನಡುಗಿದವು. ಪ್ಲಗ್ಗಿನ ಕಿಡಿ ರೇಡಿಯೋ ಸಂಕೇತವನ್ನು ಕೆಡಿಸುತ್ತಿತ್ತು. ರೆಸಿಸ್ಟರ್ ಇರುವ ಪ್ಲಗ್ ಹಾಕಿ, ರಿಸೀವರನ್ನು ಎಂಜಿನ್ನಿನಿಂದ ದೂರ ಇಟ್ಟು, ಥ್ರಾಟಲಿನ ತಂತಿ ತೆಗೆದು ನೈಲಾನ್ ಕಡ್ಡಿ ಜೋಡಿಸಿದ ಮೇಲೆ ಶಾಂತವಾಯಿತು. ಗ್ಲೋ ಎಂಜಿನ್ನಿಗೆಂದು ತಂದಿದ್ದ ಸಿಲಿಕಾನ್ ನಳಿಕೆ ಪೆಟ್ರೋಲಿಗೆ ಉಬ್ಬಿ ಮೆತ್ತಗಾಯಿತು, ಅದೂ ಬದಲಾಯಿತು. ನಡುಕಕ್ಕೆ ಬೋಲ್ಟು ಸಡಿಲವಾಗದಂತೆ ನೈಲಾಕ್ ನಟ್ಟು ಕೊಟ್ಟವನು ನಾನು. ಈ ಕಥೆಯಲ್ಲಿ ನನ್ನ ಪಾಲು ಅಷ್ಟೇ.

ಕಾಲುವೆ ಬಂದಾಗಿ ಗಟ್ಟಿಯಾದ ಗದ್ದೆಯಲ್ಲಿ ಅದು ಹಾರಿತು. ಹನುಮಪ್ಪ ಹುಟ್ಟಿದ್ದು ಇಲ್ಲೇ ಅಂಜನಾದ್ರಿಯಲ್ಲೆಂದು ನಂಬುವ ಊರು ನಮ್ಮದು, ನೋಡಲು ಬಂದವರೆಲ್ಲ ಆ ದಿಕ್ಕಿಗೊಮ್ಮೆ ಕೈಮುಗಿದರು. ಇಳಿಯುವಾಗ ಒಂದು ಗಾಲಿ ಮುರಿಯಿತು.

ಈಗ ಗದ್ದೆಯ ಮೇಲೆ ಹಾರುವುದು ಡ್ರೋನ್. ಹತ್ತು ಲೀಟರಿನ ಟಾಂಕಿ, ಹತ್ತು ನಿಮಿಷದೊಳಗೆ ಒಂದು ಎಕರೆ. ಬೆನ್ನಿನ ಮೇಲೆ ವಿಷ ಹೊತ್ತು ಕೆಸರಲ್ಲಿ ನಡೆಯುವ ಕೂಲಿಕಾರನ ಎದೆಗೆ ಇದು ಒಳ್ಳೆಯದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಕೇಂದ್ರದ ‘ನಮೋ ಡ್ರೋನ್ ದೀದಿ’ ಯೋಜನೆ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಕೈಗೂ ಡ್ರೋನ್ ಕೊಡುತ್ತಿದೆ. ಆದರೆ ಕೆಟ್ಟರೆ ಬಿಚ್ಚಿ ನೋಡುವ ವಸ್ತು ಅದಲ್ಲ. ಬೋರ್ಡು ಸುಟ್ಟರೆ ಹೊಸ ಬೋರ್ಡು, ಮೋಟಾರು ಹೋದರೆ ಹೊಸ ಮೋಟಾರು. ನಮ್ಮ ಬೀದಿಯ ಮೇಸ್ತ್ರಿಗಳಲ್ಲಿ ಕೆಲವರು ಬೈಕಿಗೆ ತಿರುಗಿದರು. ಉಳಿದವರಿಗೆ ಈಗ ದಕ್ಕುವ ಕೆಲಸ ಡ್ರೋನ್ ಬ್ಯಾಟರಿ ಚಾರ್ಜು ಮಾಡಲು ಗದ್ದೆಬದುವಿನಲ್ಲಿ ಇಡುವ ಪೆಟ್ರೋಲ್ ಜನರೇಟರಿನದು, ಜೊತೆಗೆ ಕುಷ್ಟಗಿಯ ದಾಳಿಂಬೆ ತೋಟಗಳಿಂದ ಬರುವ ಕಳೆ ಯಂತ್ರದ್ದು.

ಮನೆಯ ಅಟ್ಟದಲ್ಲಿ ಹಳೆಯ ಸ್ಪ್ರೇಯರ್ ಬಿದ್ದಿದ್ದರೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಹತ್ತಿರದ ಐಟಿಐಗೋ ಪಾಲಿಟೆಕ್ನಿಕ್ಕಿಗೋ ಕೊಡಿ, ಹುಡುಗರು ಬಿಚ್ಚಿ ಜೋಡಿಸಿ ಕಲಿಯಲಿ. ವಿಮಾನವನ್ನೇ ಹಾರಿಸುತ್ತೇವೆ ಎಂದರೆ, 2021ರ ಡ್ರೋನ್ ನಿಯಮದಡಿ ಬಂದಿರುವ ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆಯನ್ನು ಮೊದಲು ನೋಡಿಕೊಳ್ಳಲಿ. ಏಕೆಂದರೆ ಕೊಪ್ಪಳದ ಹತ್ತಿರ ಖಾಸಗಿ ವಿಮಾನ ಪಟ್ಟಿಯೊಂದಿದೆ.