ನಾಲ್ಕು ಸಾಲಿನ ಸಾಕ್ಷ್ಯ

ವಿದ್ವತ್ ಪದವಿಯನ್ನು ಪಡೆದು ಕೆಲಸವನ್ನು ಅರಸುತ್ತಿದ್ದ 1990ರ ದಶಕದ ಆ ದಿನಗಳು ಈಗಲೂ ನನ್ನ ನೆನಪಿನಲ್ಲಿ ಹಸಿರಾಗಿವೆ. ಹಾಸನದ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರನ್ನು ನೋಂದಾಯಿಸಿ, ಅರಸೀಕೆರೆಯ ವಾಚನಾಲಯದಲ್ಲಿ ಪತ್ರಿಕೆಗಳ ‘ಬೇಕಾಗಿದ್ದಾರೆ’ ಅಂಕಣವನ್ನು ಓದಿ, ಅಂಚೆಯವನ ದಾರಿಯನ್ನು ಕಾಯುತ್ತಿದ್ದೆವು. ಕೆಲಸವಿಲ್ಲವೆಂಬುದನ್ನು ನೆರೆಮನೆಯವರಿಗೂ ತಿಳಿಸದಿರುವುದೇ ಅಂದಿನ ಮರ್ಯಾದೆ. ಆ ಮರ್ಯಾದೆಯೇ ಮುಂದೆ ನನ್ನ ಶಿಷ್ಯನೊಬ್ಬನಿಗೆ ಕೇಡನ್ನು ತಂದಿತೆಂಬುದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಹಳೇಬೀಡಿನ ಸಮೀಪದ ರೈತ ಕುಟುಂಬದ ಆ ಹುಡುಗ ನಮ್ಮ ಶಾಲೆಯಲ್ಲಿ ಓದಿ, ಬಿ.ಕಾಂ. ಮುಗಿಸಿ, ಬೆಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದ. ಕಚೇರಿ ಮುಚ್ಚಿತು, ಊರಿಗೆ ಮರಳಿದ. ಒಂದು ಸಂಜೆ ನಮ್ಮ ಮನೆಗೆ ಬಂದು, ಮೊಬೈಲನ್ನು ಮುಂದೆ ಹಿಡಿದು, “ಗುರುಗಳೇ, ಲಿಂಕ್ಡ್‌ಇನ್‌ನಲ್ಲಿ ನನ್ನ ವಿವರಗಳನ್ನು ಹಾಕಿದ್ದೇನೆ. ನನ್ನನ್ನು ಬಲ್ಲವರಾಗಿ ತಾವು ನಾಲ್ಕು ಸಾಲು ಬರೆದುಕೊಟ್ಟರೆ ಉಪಕಾರವಾಗುತ್ತದೆ” ಎಂದ. 2003ರಲ್ಲಿ ಆರಂಭವಾದ ಈ ಜಾಲತಾಣದಲ್ಲಿ ಜನರು ತಮ್ಮ ವಿದ್ಯೆ, ಅನುಭವಗಳನ್ನು ತೆರೆದಿಡುತ್ತಾರೆಂದೂ, ಕೆಲಸ ಕೊಡುವವರು ಅಲ್ಲಿ ಆಳುಗಳನ್ನು ಹುಡುಕುತ್ತಾರೆಂದೂ, ಒಡನಾಡಿದವರು ಶಿಫಾರಸು ಬರೆಯುವುದಕ್ಕೆ ಅವಕಾಶವುಂಟೆಂದೂ ವಿವರಿಸಿದ. ಆತನ ಭಾವಚಿತ್ರದ ಸುತ್ತ, ಕೆಲಸವನ್ನು ಅರಸುತ್ತಿರುವೆನೆಂದು ಸಾರುವ ಹಸಿರು ಪಟ್ಟಿಯಿತ್ತು.

“ಏನಪ್ಪಾ, ಕೆಲಸವಿಲ್ಲವೆಂದು ಊರಿಗೆಲ್ಲ ಡಂಗುರ ಸಾರಿಕೊಳ್ಳುವುದೇ?” ಎಂದುಬಿಟ್ಟೆ. ಅವನು ಮರುಮಾತಾಡದೆ ಎದ್ದುಹೋದ. ಆ ಹಸಿರು ಪಟ್ಟಿಯನ್ನು ಅಂದೇ ತೆಗೆದುಹಾಕಿದನೆಂದು ಆಮೇಲೆ ತಿಳಿಯಿತು.

ಕೆಲವು ವಾರಗಳ ಅನಂತರ ಆತನ ಮೊಬೈಲಿಗೆ ಅಪರಿಚಿತನೊಬ್ಬನ ಸಂದೇಶ ಬಂದಿತು: ಮನೆಯಲ್ಲಿಯೇ ಕುಳಿತು ಮಾಡುವ ಕೆಲಸ, ಒಳ್ಳೆಯ ಸಂಬಳ, ಮೊದಲಿಗೆ ಒಂದಿಷ್ಟು ಠೇವಣಿ. ತಂದೆ ಕೊಬ್ಬರಿ ಮಾರಿ ತಂದ ಹಣದಲ್ಲಿ 18,000 ರೂಪಾಯಿಗಳನ್ನು ಕಳುಹಿಸಿದ. ಕೆಲಸವೂ ಬರಲಿಲ್ಲ, ಹಣವೂ ಮರಳಲಿಲ್ಲ. ಇಂತಹ ವಂಚನೆಯ ದೂರಿಗೆ 1930 ಎಂಬ ಸಹಾಯವಾಣಿಯುಂಟು. ಒಡನೆಯೇ ತಿಳಿಸಿದರೆ, ಹಣ ಕೈದಾಟುವ ಮುನ್ನ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆಯಿರುತ್ತದೆ. ಆದರೆ ಆತ ನಾಚಿಕೆಯಿಂದ ಆರು ದಿನ ಬಾಯಿ ಬಿಡಲಿಲ್ಲ.

“ನನ್ನನ್ನೊಂದು ಮಾತು ಕೇಳಬಾರದಿತ್ತೇನಪ್ಪಾ?” ಎಂದೆ.

“ತಾವು ಬೈಯುವಿರೆಂದು ಹೆದರಿದೆ, ಗುರುಗಳೇ.”

ಆ ಉತ್ತರವನ್ನು ಎದೆಯಲ್ಲಿಟ್ಟುಕೊಂಡೇ ಆ ವರ್ಷ ಮಕ್ಕಳನ್ನು ಬೇಲೂರಿಗೆ ಕರೆದೊಯ್ದೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವನ ಗುಡಿಯ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರುಗಳನ್ನೂ ಬಿರುದುಗಳನ್ನೂ ಕೆತ್ತಿದ್ದಾರೆ. ಅದನ್ನು ಶಿಲ್ಪಿಗಳ ಸ್ವಾಭಿಮಾನವೆಂದು ವರ್ಷವರ್ಷವೂ ಹೊಗಳುತ್ತಿದ್ದವನು ನಾನು. ಶಿಲ್ಪಿಯು ಕಲ್ಲಿನಲ್ಲಿ ಬರೆದರೆ ಸ್ವಾಭಿಮಾನ, ಶಿಷ್ಯನು ಮೊಬೈಲಿನಲ್ಲಿ ಬರೆದರೆ ಡಂಗುರವೇ? ಅಂತರವೊಂದು ಉಂಟು, ನಿಜ. ದಾಸೋಜನ ಹೆಸರಿಗೆ ಮೇಲಿನ ಶಿಲ್ಪವೇ ಸಾಕ್ಷಿ. ಲೆಕ್ಕ ಬರೆಯುವ ಹುಡುಗನ ಕೆಲಸವಾದರೋ ಯಾರ ಕಣ್ಣಿಗೂ ಬೀಳದು; ಅದಕ್ಕೆ ಬಲ್ಲವರೇ ಸಾಕ್ಷಿಯಾಗಬೇಕು. ಆ ಸಾಕ್ಷ್ಯವನ್ನೇ ಆತ ನನ್ನಲ್ಲಿ ಬೇಡಿದ್ದ.

ಊರಿಗೆ ಮರಳಿದ ರಾತ್ರಿಯೇ ಬರೆದೆ: ಶಾಲೆಯ ವಾರ್ಷಿಕೋತ್ಸವದ ಜಮಾಖರ್ಚನ್ನು ಈತ ಎರಡು ವರ್ಷ ನೋಡಿಕೊಂಡ, ಒಂದು ರೂಪಾಯಿಯ ವ್ಯತ್ಯಾಸಕ್ಕಾಗಿ ನಡುರಾತ್ರಿಯವರೆಗೆ ಕುಳಿತಿದ್ದುದನ್ನು ನಾನು ಕಂಡಿದ್ದೇನೆ. ಹೊಗಳಿಕೆಯ ವಿಶೇಷಣಗಳನ್ನು ಸೇರಿಸಲಿಲ್ಲ. ಆ ಸಾಲುಗಳನ್ನು ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಬಳಗಕ್ಕೂ ಹಾಕಿಸಿದೆ. ಅರಸೀಕೆರೆಯಲ್ಲಿ ವ್ಯಾಪಾರದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಹುಡುಗನನ್ನು ಕರೆಸಿ, ಒಂದು ವಾರ ಲೆಕ್ಕ ಬರೆಯಿಸಿ ನೋಡಿ, ಕೆಲಸ ಕೊಟ್ಟರು. ಹೋದ ಹಣ ಮಾತ್ರ ಬರಲಿಲ್ಲ. ಅದರಲ್ಲಿ ನನ್ನ ಪಾಲೂ ಉಂಟೆಂದು ಈಗಲೂ ಭಾವಿಸುತ್ತೇನೆ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ಬಿನ್ನಹ. ತಮ್ಮಲ್ಲಿ ಕೆಲಸ ಖಾಲಿಯಿದ್ದರೆ ತಮ್ಮ ಹೆಸರಿನಿಂದಲೇ ಬಳಗಕ್ಕೆ ತಿಳಿಸಿರಿ. ಅಧ್ಯಾಪಕ ಮಿತ್ರರೇ, ಶಿಷ್ಯನು ಮೊಬೈಲನ್ನು ಮುಂದೆ ಹಿಡಿದಾಗ ಬೈಯುವ ಮುನ್ನ ಕನ್ನಡಕವನ್ನು ಹಾಕಿಕೊಂಡು ಓದಿರಿ. ಕಂಡದ್ದನ್ನು ಕಂಡಂತೆ ನಾಲ್ಕು ಸಾಲು ಬರೆಯಿರಿ.