ತುಂಗನಾಥದ ದಾರಿಯಲ್ಲಿ ಕಂಡ ಹಪುಷಾ

ನಲವತ್ತೈದು ವರ್ಷಗಳಿಗೂ ಹಿಂದಿನ ಮಾತು. ಶ್ರೀಮಠದ ಸಂಸ್ಕೃತ ಪಾಠಶಾಲೆಯಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ, ಮಠದ ವೈದ್ಯರಾಗಿದ್ದ ಹಿರಿಯರೊಬ್ಬರ ಬಳಿ ಔಷಧ ಕುಟ್ಟುವ, ಸೋಸುವ ಸೇವೆ ನನ್ನ ಪಾಲಿಗೆ ಬಂದಿತ್ತು. ಹೊಟ್ಟೆಯುಬ್ಬರ, ಶೂಲೆಗಳಿಗೆಂದು ಅವರು ಸಿದ್ಧಪಡಿಸುತ್ತಿದ್ದ ಹಿಂಗ್ವಾದಿ ಚೂರ್ಣದ ದ್ರವ್ಯಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಅಳಲೆಕಾಯಿ ಇವೆಲ್ಲ ಕಂಡು ಉಂಡ ವಸ್ತುಗಳೇ. ಆ ಪಟ್ಟಿಯಲ್ಲಿ ‘ಹಪುಷಾ’ ಎಂಬ ಒಂದು ಹೆಸರು ಮಾತ್ರ ನನಗೆ ಬರಿಯ ಶಬ್ದವಾಗಿಯೇ ಉಳಿಯಿತು. ಗ್ರಂಧಿಗೆ ಅಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ಬರುತ್ತಿದ್ದ ಕಪ್ಪು ಕಾಳುಗಳೇ ಅದು ಎಂಬಷ್ಟು ಮಾತ್ರ ತಿಳಿದಿತ್ತು. ಒಮ್ಮೆ ಗುರುಗಳು ಪೊಟ್ಟಣ ಬಿಚ್ಚಿ, ನಾಲ್ಕು ಕಾಳನ್ನು ಒಡೆದು ನೋಡಿ, ಎಲ್ಲವನ್ನೂ ಹಿತ್ತಲಿಗೆ ಚೆಲ್ಲಿಬಿಟ್ಟರು. “ತಮ್ಮಾ, ಹೆಸರು ಬಾಯಿಗೆ ಬಂದರೆ ಸಾಲದು, ವಸ್ತು ಕಣ್ಣಿಗೆ ಬರಬೇಕು” ಎಂದರು. ಅಂದು ಅವರ ಮಾತಿನ ಆಳ ನನಗೆ ತಿಳಿಯಲಿಲ್ಲ.

ಆ ವಸ್ತು ಕಣ್ಣಿಗೆ ಬಿದ್ದುದು 2022ರ ಅಕ್ಟೋಬರ್ ತಿಂಗಳಲ್ಲಿ, ಕೇದಾರಯಾತ್ರೆಗೆ ಹೋದಾಗ.

ಪಂಚಪೀಠಗಳಲ್ಲಿ ವೈರಾಗ್ಯಪೀಠವೆಂದು ಪ್ರಸಿದ್ಧವಾದ ಕೇದಾರಪೀಠವು ಉಖೀಮಠದಲ್ಲಿರುವುದು ವಾಚಕರಿಗೆ ತಿಳಿದೇ ಇದೆ. ಕೇದಾರನಾಥದ ರಾವಲರು ವೀರಶೈವ ಜಂಗಮ ಪರಂಪರೆಗೆ ಸೇರಿದವರು. ಅಲ್ಲಿಯ ಅರ್ಚಕರೂ ನಮ್ಮ ದಕ್ಷಿಣದ ಕಡೆಯಿಂದ ಹೋದವರು. ಚಳಿಗಾಲದಲ್ಲಿ ಹಿಮ ಮುಸುಕಿ ಗುಡಿಯ ಬಾಗಿಲು ಮುಚ್ಚಿದಾಗ ಕೇದಾರನಾಥನ ಉತ್ಸವಮೂರ್ತಿಗೆ ಉಖೀಮಠದ ಓಂಕಾರೇಶ್ವರ ದೇವಾಲಯದಲ್ಲಿಯೇ ಪೂಜೆ ನಡೆಯುತ್ತದೆ. ಹರಿದ್ವಾರ, ದೇವಪ್ರಯಾಗಗಳನ್ನು ದಾಟಿ, ಅಲಕನಂದಾ ಮಂದಾಕಿನಿಗಳು ಕೂಡುವ ರುದ್ರಪ್ರಯಾಗದಿಂದ ಮಂದಾಕಿನಿಯ ದಂಡೆ ಹಿಡಿದು ಹೋದರೆ ಈ ಊರು ಸಿಗುತ್ತದೆ. 2013ರ ಜೂನ್ ತಿಂಗಳ ಮಹಾಪ್ರವಾಹ ಈ ಕಣಿವೆಯಲ್ಲಿ ಮಾಡಿದ ಅನಾಹುತದ ಗುರುತುಗಳು ದಾರಿಯುದ್ದಕ್ಕೂ ಕಾಣುತ್ತಿದ್ದವು. ಕೇದಾರನಾಥನ ದರ್ಶನ ಮುಗಿಸಿ ಬಂದ ನಾನು ಉಖೀಮಠದಲ್ಲಿ ಕೆಲವು ದಿನ ತಂಗಿ, ಪಂಚಕೇದಾರಗಳಲ್ಲಿ ಒಂದಾದ ತುಂಗನಾಥಕ್ಕೆ ಹೊರಟೆ.

ಉಖೀಮಠದಿಂದ ಚೋಪ್ತಾದವರೆಗೆ ವಾಹನದ ರಸ್ತೆಯಿದೆ. ಅಲ್ಲಿಂದ ಮುಂದೆ ಮೂರೂವರೆ ಕಿಲೋಮೀಟರಿನಷ್ಟು ಕಲ್ಲುಹಾಸಿನ ಕಾಲುದಾರಿ. ಸುಮಾರು 8,800 ಅಡಿಯಿಂದ 12,000 ಅಡಿಯ ಎತ್ತರಕ್ಕೆ ಏರಬೇಕು. ಮೊದಮೊದಲು ಓಕ್ ಮತ್ತು ಬುರಾಂಶ್ ಮರಗಳ ದಟ್ಟ ನೆರಳು. ಏರುತ್ತ ಹೋದಂತೆ ಮರಗಳು ಕುಳ್ಳಾಗುತ್ತವೆ, ಬಾಗುತ್ತವೆ, ಕಡೆಗೆ ಇಲ್ಲವಾಗುತ್ತವೆ. ಅಲ್ಲಿಂದಾಚೆಗೆ ಬುಗ್ಯಾಲ್ ಎಂದು ಕರೆಯುವ ಹುಲ್ಲುಗಾವಲು, ಬಂಡೆ, ಗಾಳಿ. ಅರವತ್ತು ದಾಟಿದ ನನ್ನಂಥವನಿಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು ಅನಿವಾರ್ಯವಾಗಿತ್ತು. ಹಾಗೆ ನಿಂತಾಗಲೇ ಬಂಡೆಯನ್ನು ತಬ್ಬಿಕೊಂಡಂತೆ ಹರಡಿದ್ದ, ಮೊಣಕಾಲೆತ್ತರದ ಒಂದು ಹಸಿರು ಪೊದೆ ಕಣ್ಣಿಗೆ ಬಿತ್ತು. ಎಲೆಗಳೆಲ್ಲ ಸೂಜಿಗಳು. ನಡುನಡುವೆ ಬಟಾಣಿಗಿಂತ ಸಣ್ಣ ಕಾಯಿಗಳು. ಕೆಲವು ಹಸಿರು, ಕೆಲವು ಬೂದಿ ಬಳಿದುಕೊಂಡಂತಿದ್ದ ಕಡುನೀಲಿ. ಒಂದನ್ನು ಹಿಸುಕಿ ಮೂಗಿಗೆ ಹಿಡಿದೆ. ಮಠದ ಔಷಧದ ಕೋಣೆ, ಕಲ್ಲಿನ ಒರಳು, ಗುರುಗಳ ಕೆಮ್ಮು ಎಲ್ಲ ಒಮ್ಮೆಲೇ ನೆನಪಿಗೆ ಬಂದವು. ಇದೇ ಹಪುಷಾ! ಹಿಂದಿಯಲ್ಲಿ ಹಾವುಬೇರ್, ಇಂಗ್ಲಿಷಿನಲ್ಲಿ ಜೂನಿಪರ್.

ನನಗೆ ದಾರಿ ತೋರಿಸಲು ಬಂದಿದ್ದ ಗಢವಾಲದ ವೃದ್ಧರು ಇದನ್ನು ‘ಧೂಪ್’ ಎಂದೇ ಕರೆದರು. ಅದರ ಹಸಿ ಟೊಂಗೆಯನ್ನು ಕೆಂಡದ ಮೇಲಿಟ್ಟರೂ ಪರಿಮಳದ ಹೊಗೆ ಬರುತ್ತದೆಯಂತೆ. ನನ್ನಲ್ಲಿ ಆಸೆ ಮೂಡಿತು. ಒಂದು ಸಣ್ಣ ಸಸಿಯನ್ನು ಬೇರುಸಹಿತ ಕಿತ್ತು ಊರಿಗೆ ಒಯ್ದು, ಮನೆಯಂಗಳದಲ್ಲಿ ನೆಟ್ಟರೆ ಹೇಗೆ? ಗೇಣುದ್ದದ ಒಂದು ಗಿಡವನ್ನು ತೋರಿಸಿ, ಅಗೆದು ಕೊಡುವಿರಾ ಎಂದು ಕೇಳಿದೆ. ವೃದ್ಧರು ನಕ್ಕರು. “ಸ್ವಾಮೀಜಿ, ಇದು ಅಭಯಾರಣ್ಯ, ಇಲ್ಲಿ ಏನನ್ನೂ ಕೀಳುವಂತಿಲ್ಲ. ಅದೂ ಹೋಗಲಿ, ಇದನ್ನು ಸಸಿ ಎನ್ನುತ್ತೀರಲ್ಲ, ನಾನು ಹುಡುಗನಾಗಿ ಕುರಿ ಕಾಯುವಾಗಲೂ ಇದು ಇಲ್ಲಿ ಇಷ್ಟೇ ಇತ್ತು” ಎಂದರು. ನಾನು ಸ್ವಾಮಿಯಲ್ಲ, ಸಂಸಾರಿ ಎಂದು ತಿದ್ದುವ ಧೈರ್ಯ ನನಗಾಗಲಿಲ್ಲ. ವೈರಾಗ್ಯಪೀಠದ ನೆಲದಲ್ಲಿ ನಿಂತು ಒಂದು ಗಿಡದ ಮೇಲೆ ಆಸೆಪಟ್ಟೆನಲ್ಲ ಎಂಬ ನಾಚಿಕೆಯೂ ಆಯಿತು. ಅವರು ಹೇಳಿದುದು ಸತ್ಯ. 1972ರಲ್ಲಿ ಘೋಷಿತವಾದ ಕೇದಾರನಾಥ ವನ್ಯಜೀವಿಧಾಮದೊಳಗಿನ ನೆಲವದು. ವರ್ಷದಲ್ಲಿ ಕೆಲವೇ ತಿಂಗಳು ಬೆಳೆಯಲು ಅವಕಾಶವಿರುವ ಆ ಎತ್ತರದಲ್ಲಿ, ಬೆರಳು ದಪ್ಪದ ಕಾಂಡಕ್ಕೂ ಹಲವು ದಶಕಗಳ ವಯಸ್ಸಿರಬಹುದು.

ಮರಳಿ ಉಖೀಮಠಕ್ಕೆ ಬಂದಾಗ, ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದುಡಿದು ನಿವೃತ್ತರಾದ ಸಜ್ಜನರೊಬ್ಬರ ಪರಿಚಯವಾಯಿತು. ಅವರು ಈ ಗಿಡದ ಸಂತಾನವೃತ್ತಾಂತವನ್ನು ವಿಸ್ತಾರವಾಗಿ ತಿಳಿಸಿದರು. ಜೂನಿಪರ್ ಪೈನ್, ದೇವದಾರುಗಳ ಬಳಗಕ್ಕೆ ಸೇರಿದ ಸಸ್ಯ. ನಾವು ಹಣ್ಣೆನ್ನುವುದು ವಾಸ್ತವವಾಗಿ ಹಣ್ಣಲ್ಲ. ಪೈನ್ ಮರದ ಒಣಕಾಯಿಯ ಹೊರಪದರಗಳೇ ಇಲ್ಲಿ ಒಂದಕ್ಕೊಂದು ಬೆಸೆದು ರಸಭರಿತವಾಗಿವೆ. ಹೆಚ್ಚಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಾಳಿಯೇ ಪರಾಗವಾಹಕ. ಕಾಯಿ ಕಟ್ಟಿದ ಮೇಲೆ ಮಾಗಲು ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ ಬೇಕು. ಆದುದರಿಂದಲೇ ಒಂದೇ ಟೊಂಗೆಯಲ್ಲಿ ಹಸಿರು ಕಾಯಿ, ನೀಲಿ ಹಣ್ಣು ಜೊತೆಯಾಗಿ ಕಾಣುತ್ತವೆ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರ ದೂರ ಹರಡುತ್ತವೆ.

ಬೀಜದಿಂದ ಸಸಿ ಪಡೆಯುವುದು ತಾಳ್ಮೆಯ ಕಾಯಕ. ಶರದೃತುವಿನಲ್ಲಿ ಪೂರ್ಣ ಮಾಗಿದ ಹಣ್ಣನ್ನು ಆರಿಸಿ, ನೀರಿನಲ್ಲಿ ನೆನೆಸಿ, ಹಿಸುಕಿ ತಿರುಳನ್ನು ತೆಗೆಯಬೇಕು; ತಿರುಳಿನ ರಾಳ ಉಳಿದರೆ ಮೊಳಕೆಗೆ ತಡೆಯಾಗುತ್ತದೆ. ಬೀಜಗಳನ್ನು ನೀರಿಗೆ ಹಾಕಿದಾಗ ತೇಲುವವು ಜೊಳ್ಳು, ಮುಳುಗುವವು ಗಟ್ಟಿ. ಜೊಳ್ಳಿನ ಪ್ರಮಾಣ ಈ ಗಿಡದಲ್ಲಿ ಹೆಚ್ಚು. ಗಟ್ಟಿ ಬೀಜದ ಸಿಪ್ಪೆಯೂ ಬಹು ಕಠಿಣ. ಅವುಗಳನ್ನು ಒದ್ದೆ ಮರಳಿನಲ್ಲಿ ಪದರ ಪದರವಾಗಿ ಹುದುಗಿಸಿ, ಮೊದಲು ಬೆಚ್ಚಗೆ, ಬಳಿಕ ಹಲವು ತಿಂಗಳು ತಣ್ಣಗೆ ಇಡಬೇಕು. ಬಯಲಿನಲ್ಲಿ ಬಿತ್ತಿದರೆ ಮೊದಲ ವಸಂತದಲ್ಲಿ ಮೊಳೆಯದೆ, ಎರಡು ಚಳಿಗಾಲಗಳನ್ನು ಕಂಡು ಮೊಳೆಯುವುದೇ ಹೆಚ್ಚು. ಎಳೆಯ ಸಸಿಗೆ ನೆರಳು ಬೇಕು, ಬೇರಿನಲ್ಲಿ ನೀರು ನಿಲ್ಲಬಾರದು.

ಇನ್ನೊಂದು ಮಾರ್ಗ ಟೊಂಗೆ ನೆಡುವುದು. ಬೇಸಗೆ ಕಳೆದ ಮೇಲೆ ಅರೆಬಲಿತ ಚಿಗುರನ್ನು, ಹಳೆಯ ಕಾಂಡದ ಚೂರೊಂದು ಬುಡಕ್ಕೆ ಅಂಟಿಬರುವಂತೆ, ನಾಲ್ಕರಿಂದ ಆರು ಅಂಗುಲ ಉದ್ದಕ್ಕೆ ಸೀಳಿ ತೆಗೆದು, ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಮರಳಿನಲ್ಲಿ ಊರುತ್ತಾರೆ. ಎಳೆಯ ಗಿಡದ ಟೊಂಗೆಗೆ ಬೇಗ ಬೇರು ಬರುತ್ತದೆ, ಮುದಿ ಗಿಡದ್ದಕ್ಕೆ ಕಷ್ಟ. ಬೇಗ ಎಂದರೂ ತಿಂಗಳುಗಟ್ಟಲೆ ಕಾಯಬೇಕು. ನೆಲಕ್ಕೆ ತಾಗಿ ಹರಡುವ ಟೊಂಗೆಗಳು ಮಣ್ಣಿನ ಸ್ಪರ್ಶದಿಂದ ತಾವೇ ಬೇರು ಬಿಡುವುದೂ ಉಂಟು. ಇಷ್ಟೆಲ್ಲ ಹೇಳಿ ಅವರು ನನ್ನ ಮುಖ ನೋಡಿ, “ನಿಮ್ಮ ಊರಿನಲ್ಲಿ ಹಿಮ ಬೀಳುತ್ತದೆಯೇ?” ಎಂದು ಕೇಳಿದರು. ಅದೇ ನನ್ನ ಆಸೆಗೆ ಉತ್ತರವಾಗಿತ್ತು. ಚಳಿಯನ್ನು ಉಂಡು ಬೆಳೆಯುವ ಗಿಡವನ್ನು ನಮ್ಮ ಏಪ್ರಿಲ್ ಬಿಸಿಲಿಗೆ ತಂದು ನಿಲ್ಲಿಸುವುದು ಪ್ರೀತಿಯಲ್ಲ, ಹಿಂಸೆ. ಇಂಥ ಎತ್ತರದ ಔಷಧಸಸ್ಯಗಳನ್ನು ಅವುಗಳ ನೆಲದಲ್ಲಿಯೇ ಅಭ್ಯಸಿಸಿ ಬೆಳೆಸಲೆಂದು ಗಢವಾಲ ವಿಶ್ವವಿದ್ಯಾನಿಲಯದ ಸಂಶೋಧನ ಕೇಂದ್ರವೊಂದು ತುಂಗನಾಥದಲ್ಲಿಯೇ ಕ್ಷೇತ್ರವನ್ನಿಟ್ಟುಕೊಂಡಿದೆ. ಲಾಹೌಲ್ ಕಣಿವೆಯಲ್ಲಿ ಮರವಾಗಿ ಬೆಳೆಯುವ ಜೂನಿಪರ್‌ನ ಸಸಿ ಎಬ್ಬಿಸುವ ವಿಧಾನಗಳ ಬಗ್ಗೆ ಶಿಮ್ಲಾದ ಹಿಮಾಲಯ ಅರಣ್ಯ ಸಂಶೋಧನ ಸಂಸ್ಥೆ ಶ್ರಮಿಸಿದೆ. ಆ ಕಾರ್ಯ ನಡೆಯಬೇಕಾದುದು ಅಲ್ಲಿಯೇ.

ಸಸಿ ಸಿಗದಿದ್ದರೂ ನನ್ನ ಕೈ ಬರಿದಾಗಲಿಲ್ಲ. ಹಿಂದಿರುಗುವಾಗ ದಾರಿಯ ಪಟ್ಟಣವೊಂದರ ಅಂಗಡಿಯಲ್ಲಿ ಒಣಗಿದ ಹಾವುಬೇರಿನ ಪೊಟ್ಟಣವೊಂದನ್ನು ಕೊಂಡುತಂದೆ.

ಹಪುಷಾ ಆಯುರ್ವೇದದಲ್ಲಿ ಮಾನ್ಯವಾದ ದ್ರವ್ಯ. ಚರಕಸಂಹಿತೆಯ ಗುಲ್ಮಚಿಕಿತ್ಸೆಯಲ್ಲಿ ಹಪುಷಾದ್ಯ ಘೃತದ ವಿಧಾನವಿದೆ. ರುಚಿಯಲ್ಲಿ ಖಾರ ಮತ್ತು ಕಹಿ, ವೀರ್ಯದಲ್ಲಿ ಉಷ್ಣ, ಅಗ್ನಿದೀಪಕ. ಹೊಟ್ಟೆಯುಬ್ಬರ, ಶೂಲೆ, ಮೂಲವ್ಯಾಧಿ, ಉದರರೋಗಗಳಲ್ಲಿ ಹಿತವೆಂದು ವೈದ್ಯರು ಉಪಯೋಗಿಸುತ್ತ ಬಂದಿದ್ದಾರೆ. ಭಾವಪ್ರಕಾಶವು ಹಪುಷಾ ಎರಡು ಬಗೆಯೆಂದೂ, ಒಂದಕ್ಕೆ ಮೀನಿನಂಥ ವಾಸನೆಯೆಂದೂ ಹೇಳುತ್ತದೆ. ನಾನು ಹಿಸುಕಿದ ಹಣ್ಣಿನಲ್ಲಿ ರಾಳದ ಪರಿಮಳವಿತ್ತೇ ಹೊರತು ಮೀನಿನ ವಾಸನೆಯಿರಲಿಲ್ಲ. ಪ್ರಾಚೀನರ ಹಪುಷಾ ಯಾವುದೆಂದು ವಿದ್ವಾಂಸರು ಚರ್ಚಿಸಿದುದಕ್ಕೆ ಕಾರಣವಿಲ್ಲದಿಲ್ಲ. ಆದರೂ ಭಾರತ ಸರ್ಕಾರದ ಆಯುರ್ವೇದ ಔಷಧಕೋಶವು ಈ ಜೂನಿಪರನ್ನೇ ಹಪುಷಾ ಎಂದು ಗುರುತಿಸಿದೆ. ಯುರೋಪಿನಲ್ಲಿಯೂ ಇದು ಹಳೆಯ ಮದ್ದು. ಹಣ್ಣಿನಲ್ಲಿರುವ ಸುಗಂಧ ತೈಲವು ಮೂತ್ರವನ್ನು ಹೆಚ್ಚಿಸುತ್ತದೆ, ವಾಯುವನ್ನು ಹರಿಸುತ್ತದೆ ಎಂಬುದು ಅಲ್ಲಿಯ ಅನುಭವ. ಜಿನ್ ಎಂಬ ಮದ್ಯಕ್ಕೆ ಹೆಸರು ಬಂದುದೂ ಇದರಿಂದಲೇ. ಮನುಷ್ಯ ಮದ್ದನ್ನೂ ಅಮಲಿಗೆ ಬಳಸಬಲ್ಲ!

ಊರಿಗೆ ಬಂದು ವಾರವೆಲ್ಲ ಈ ಹಣ್ಣಿನ ಗುಣಗಾನ ಮಾಡಿದೆ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳಿಗೆ ಆಗ ಏಳನೆಯ ತಿಂಗಳು. ಒಂದು ರಾತ್ರಿ ಅವಳಿಗೆ ಹೊಟ್ಟೆ ಉಬ್ಬರಿಸಿ ಸಂಕಟವಾಯಿತು. ನನ್ನ ಶ್ರೀಮತಿಯವರು ಪೊಟ್ಟಣ ಹಿಡಿದು ಬಂದು, “ಹೊಟ್ಟಿ ಉಬ್ಬರಕ್ಕ ಭಾಳ ಛಲೋ ಅಂತ ನೀವ ಹೇಳಿದ್ರಲ್ಲ, ಒಂದು ಚಿಟಿಕಿ ಅರದು ಬಿಸಿನೀರಾಗ ಕೊಡ್ಲೇನ್ರಿ?” ಎಂದು ಕೇಳಿದರು. ಆಗಲಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಗುರುಗಳು ಪೊಟ್ಟಣ ಚೆಲ್ಲಿದ ಚಿತ್ರ ಅದೇಕೋ ಕಣ್ಣ ಮುಂದೆ ಬಂದು, “ತಡಿ” ಎಂದೆ. ಪರಿಚಿತ ವೈದ್ಯರಿಗೆ ದೂರವಾಣಿ ಮಾಡಿದೆ. ಅವರು ಗಾಬರಿಯಿಂದ ಬೇಡವೇ ಬೇಡವೆಂದರು. ಈ ಹಣ್ಣು ಗರ್ಭಕೋಶವನ್ನು ಕೆರಳಿಸಬಹುದಾದುದರಿಂದ ಗರ್ಭಿಣಿಯರಿಗೆ ನಿಷಿದ್ಧ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೂ ಸಲ್ಲದು. ಆರೋಗ್ಯವಂತರೂ ವೈದ್ಯರ ಸಲಹೆಯಿಲ್ಲದೆ, ಅದರಲ್ಲಿಯೂ ಬಹುದಿನ, ಸೇವಿಸಬಾರದು ಎಂದು ವಿವರಿಸಿದರು. ಮಗಳ ಸಂಕಟ ಬೆಳಗಿನ ಹೊತ್ತಿಗೆ ತಾನಾಗಿಯೇ ಶಮನವಾಯಿತು. ನನಗೆ ಮಾತ್ರ ಆ ರಾತ್ರಿ ನಿದ್ರೆ ಹತ್ತಲಿಲ್ಲ.

ಮರುದಿನ ಪೊಟ್ಟಣದ ಹಣ್ಣುಗಳನ್ನು ಒಂದೊಂದಾಗಿ ಒಡೆದು ನೋಡಿದೆ. ಉಖೀಮಠದ ಸಜ್ಜನರು ಗುರುತು ಹೇಳಿಕೊಟ್ಟಿದ್ದರು: ನಿಜವಾದ ಹಪುಷಾದ ತುದಿಯಲ್ಲಿ ಮೂರು ಗೆರೆಗಳು ಕೂಡಿದ ಚಿಹ್ನೆ, ಒಳಗೆ ಸಾಮಾನ್ಯವಾಗಿ ಮೂರು ಬೀಜ, ಗಿಡದಲ್ಲಿ ಮೂರು ಮೂರಾಗಿ ಸುತ್ತುವ ಸೂಜಿ ಎಲೆ, ಎಲೆಯ ಮೇಲೆ ಒಂದು ಬಿಳಿ ಗೆರೆ. ಅದೇ ಬೆಟ್ಟಗಳಲ್ಲಿ ಬೆಳೆಯುವ ಬೇರೆ ಜಾತಿಯ ಜೂನಿಪರ್ ಹಣ್ಣಿನಲ್ಲಿ ಒಂದೇ ಬೀಜ. ನನ್ನ ಪೊಟ್ಟಣದಲ್ಲಿ ಎರಡೂ ಬೆರೆತಿದ್ದವು! ಯುರೋಪಿನ ಸಬೀನಾ ಎಂಬ ಜೂನಿಪರಂತೂ ವಿಷವೆಂದೇ ಪ್ರಸಿದ್ಧ. ಗುರುಗಳಂತೆ ನಾನೂ ಎಲ್ಲವನ್ನೂ ಹಿತ್ತಲಿಗೆ ಚೆಲ್ಲಿದೆ. ಅವರು ಹೇಳಿದ ಮಾತು ಅಂದು ನನಗೆ ಪೂರ್ತಿಯಾಗಿ ಅರ್ಥವಾಯಿತು. ಹೆಸರು ಬಾಯಿಗೆ, ವಸ್ತು ಕಣ್ಣಿಗೆ ಬಂದರೂ ಸಾಲದು. ಯಾರಿಗೆ ಕೊಡಬಾರದೆಂಬುದು ಬುದ್ಧಿಗೆ ಬರಬೇಕು.

ಧೂಪದ ಮಾತೊಂದು ಉಳಿಯಿತು. ನಮ್ಮ ಇಷ್ಟಲಿಂಗದ ಅಷ್ಟವಿಧಾರ್ಚನೆಯಲ್ಲಿ ಧೂಪವೂ ಒಂದು. ಲಡಾಖಿನ ಬೌದ್ಧರಿಗೂ ಜೂನಿಪರ್ ಧೂಪ ಪವಿತ್ರ. ಅದನ್ನು ಅವರು ಶುಕ್ಪಾ ಎನ್ನುತ್ತಾರೆ. ಹೇಮಿಸ್ ಶುಕ್ಪಾಚನ್ ಎಂಬ ಹಳ್ಳಿಗೆ ಆ ಮರಗಳಿಂದಲೇ ಹೆಸರು ಬಂದಿದೆ, ಅಲ್ಲಿಯ ತೋಪನ್ನು ಜನ ಪೂಜ್ಯವೆಂದು ಕಾಯುತ್ತಾರೆ. ಸ್ಥಳೀಯರು ತಮ್ಮ ಪೂಜೆಗೆ ಒಂದು ಚಿಗುರು ಮುರಿಯುವುದಕ್ಕೂ, ಯಾತ್ರಿಕರಾದ ನಾವೆಲ್ಲ ಕಟ್ಟು ಕಟ್ಟಾಗಿ ಕೊಂಡೊಯ್ಯುವುದಕ್ಕೂ ಅಂತರವಿದೆ. ರಾಳವಿರುವುದರಿಂದ ಈ ಗಿಡ ಹಸಿಯಾಗಿಯೇ ಉರಿಯುತ್ತದೆ. ಎತ್ತರದ ನೆಲೆಗಳಲ್ಲಿ ಸೌದೆಗಾಗಿಯೂ ಅದಕ್ಕೆ ಕೊಡಲಿ ತಾಗುತ್ತದೆ. ನಮಗಾಗಿ ಕಾಯಿಸಿದ ಒಂದು ಲೋಟ ಚಹಕ್ಕೆ ಎಷ್ಟು ವರ್ಷಗಳ ಬೆಳವಣಿಗೆ ಉರಿದುಹೋಗಿರಬಹುದು? ನಮ್ಮ ಪೂಜೆಗೆ ನಮ್ಮ ನಾಡಿನ ಹಾಲುಮಡ್ಡಿ, ಸಾಂಬ್ರಾಣಿಗಳಿವೆ, ಅವೇ ಸಾಕು.

ಕೇದಾರಕ್ಕೆ ಹೋಗುವ ಬಂಧುಗಳು ತುಂಗನಾಥಕ್ಕೂ ಹೋಗಿಬನ್ನಿ. ದಾರಿಬದಿಯ ಬಂಡೆಯ ಮೇಲೆ ಆ ಪೊದೆ ಕಂಡರೆ ಮಕ್ಕಳಿಗೆ ತೋರಿಸಿ. ಹಸಿರು ಕಾಯಿ, ನೀಲಿ ಹಣ್ಣುಗಳ ಲೆಕ್ಕ ಹೇಳಿ, ಮೂರರ ಸುತ್ತಿನ ಎಲೆಯನ್ನು ಎಣಿಸಲು ಕಲಿಸಿ. ಕೈಮುಗಿದು ಮುಂದೆ ನಡೆಯಿರಿ. ನಾನು ಅಗೆಯಬಯಸಿದ್ದ ಆ ಗೇಣುದ್ದದ ಗಿಡ ಅಲ್ಲಿಯೇ ಇದ್ದೀತು. ನನ್ನ ಮೊಮ್ಮಗಳಿಗೀಗ ಮಾತು ಬಂದಿದೆ. ಅವಳು ದೊಡ್ಡವಳಾಗಿ ಆ ಬೆಟ್ಟ ಏರುವ ಹೊತ್ತಿಗೂ ಅದು ಅಲ್ಲಿಯೇ ಇರಲೆಂಬುದು ನನ್ನ ಪ್ರಾರ್ಥನೆ.