ಉಪ್ಪಿಟ್ಟು, ಇಂಟರ್ನೆಟ್ಟು

2008ರ ಚಳಿಗಾಲದಲ್ಲಿ ಮಗಳ ಶಾಲೆಯಿಂದ ಒಂದು ಪತ್ರ ಬಂತು. ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನವರು ಮುಂದಿನ ಮೂರು ವರ್ಷಕ್ಕೆ 'ಟೆಕ್ನಾಲಜಿ ಪ್ಲಾನ್' ಬರೆಯುತ್ತಿದ್ದಾರೆ, ಕಂಪ್ಯೂಟರ್ ಗೊತ್ತಿರುವ ಅಪ್ಪ ಅಮ್ಮಂದಿರು ಯಾರಾದರೂ ಸಮಿತಿಗೆ ಬರುತ್ತೀರಾ ಅಂತ. ಹದಿನೈದು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದವನಿಗೆ ಆ ಪತ್ರ ನನ್ನನ್ನೇ ಹುಡುಕಿಕೊಂಡು ಬಂದಂತಿತ್ತು. "ಮನೆ ಪ್ರಿಂಟರ್ ಆರು ತಿಂಗಳಿಂದ ಕೆಟ್ಟು ಕೂತಿದೆ, ಊರಿನ ಶಾಲೆ ಉದ್ಧಾರ ಮಾಡೋಕೆ ಹೊರಟ್ರಿ" ಅಂದಳು ಹೆಂಡತಿ.

ಡಿಸ್ಟ್ರಿಕ್ಟ್ ಅಂದರೆ ನಮ್ಮ ಹಾಸನ ಜಿಲ್ಲೆ, ಮಂಡ್ಯ ಜಿಲ್ಲೆ ಇದ್ದ ಹಾಗೆ ಅಂದ್ಕೋಬೇಡಿ. ಅಮೆರಿಕದಲ್ಲಿ ಬಹುತೇಕ ಕಡೆ ಒಂದೂರು, ಅದರ ಅಕ್ಕಪಕ್ಕದ ಜಾಗ ಸೇರಿಸಿ ಒಂದು ಸ್ಕೂಲ್ ಡಿಸ್ಟ್ರಿಕ್ಟ್. ಅದಕ್ಕೆ ಊರವರೇ ಆರಿಸಿದ ಮಂಡಳಿ. ಖರ್ಚಿಗೆ ರಾಜ್ಯ ಸರ್ಕಾರ ಕೊಡುವುದರ ಜೊತೆಗೆ ನಮ್ಮ ಮನೆಗಳ ಮೇಲೆ ಹಾಕುವ ತೆರಿಗೆ. ಹಾಗಾಗಿ ಸಮಿತಿಯಲ್ಲಿ ಕೂತವರಿಗೆಲ್ಲ ತಮ್ಮ ಜೇಬಿನ ಮೇಲೇ ಒಂದು ಕಣ್ಣು.

ಮೊದಲ ಸಭೆಗೆ ನಾನು ಇಪ್ಪತ್ತು ಸ್ಲೈಡು ಮಾಡಿಕೊಂಡು ಹೋದೆ. ತರಗತಿಗೊಂದು ಸ್ಮಾರ್ಟ್ ಬೋರ್ಡು, ಮಗುವಿಗೊಂದು ಲ್ಯಾಪ್‌ಟಾಪು. 2002ರಲ್ಲೇ ಮೇಯ್ನ್ ರಾಜ್ಯದವರು ಏಳನೇ ತರಗತಿ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಕೊಟ್ಟರು, ನಮಗೇನು ದಾಡಿ ಅಂತ ಭಾಷಣ ಬಿಗಿದೆ. ಎಲ್ಲರೂ ಸೌಜನ್ಯದಿಂದ ಕೇಳಿಸಿಕೊಂಡರು. ಆಮೇಲೆ ಲೈಬ್ರರಿಯನ್, "ಇರೋ ಪ್ರೊಜೆಕ್ಟರುಗಳಲ್ಲಿ ಎಷ್ಟಕ್ಕೆ ಬಲ್ಬ್ ಇದೆ ಅಂತ ಯಾರಾದ್ರೂ ನೋಡಿದೀರಾ?" ಅಂದರು. ನನ್ನ ಇಪ್ಪತ್ತು ಸ್ಲೈಡೂ ಅಲ್ಲಿಗೆ ಮುಗಿಯಿತು.

ಪ್ಲಾನ್ ಅಂದರೆ ಕೊಳ್ಳುವ ಸಾಮಾನಿನ ಪಟ್ಟಿ ಅಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಅಲ್ಲೇ. ಅದರಲ್ಲಿ ಐದು ಭಾಗ ಇರಲೇಬೇಕಿತ್ತು. ತಂತ್ರಜ್ಞಾನದಿಂದ ಏನು ಕಲಿಸಬೇಕು ಅಂತಿದೀರಿ, ಮೇಷ್ಟ್ರುಗಳಿಗೆ ತರಬೇತಿ ಹೇಗೆ, ಈಗ ಏನಿದೆ ಏನು ಬೇಕು, ದುಡ್ಡು ಎಲ್ಲಿಂದ, ಕೆಲಸ ಆಯಿತೋ ಇಲ್ಲವೋ ಅಂತ ಅಳೆಯೋದು ಹೇಗೆ. ಇಷ್ಟು ಬರೆದು ಒಪ್ಪಿಗೆ ಪಡೆಯದಿದ್ದರೆ 'ಇ-ರೇಟ್' ರಿಯಾಯಿತಿಗೆ ಕಲ್ಲು ಬೀಳುತ್ತಿತ್ತು.

ಇ-ರೇಟ್ ಅನ್ನುವುದು 1996ರ ಟೆಲಿಕಮ್ಯುನಿಕೇಶನ್ಸ್ ಕಾಯಿದೆಯಿಂದ ಹುಟ್ಟಿದ್ದು. ಆಗ ಶಾಲೆ ಮತ್ತು ಲೈಬ್ರರಿಗಳ ಫೋನು, ಇಂಟರ್ನೆಟ್ಟಿನ ಬಿಲ್ಲಿನಲ್ಲಿ ನೂರಕ್ಕೆ 20ರಿಂದ 90ರವರೆಗೆ ರಿಯಾಯಿತಿ ಸಿಗುತ್ತಿತ್ತು. ಬಡ ಮಕ್ಕಳು ಹೆಚ್ಚಿದ್ದಷ್ಟೂ ರಿಯಾಯಿತಿ ಹೆಚ್ಚು. ಆದರೆ ಬಡ ಮಕ್ಕಳೆಷ್ಟು ಅಂತ ಎಣಿಸೋದು ಹೇಗೆ?

ಆ ಪ್ರಶ್ನೆಗೆ ಉತ್ತರ ಮೂಲೆಯಲ್ಲಿ ಕೂತಿತ್ತು. ಶಾಲೆಗಳ ಊಟದ ವ್ಯವಸ್ಥೆ ನೋಡಿಕೊಳ್ಳುವ, ಅರವತ್ತರ ಹತ್ತಿರದ ಒಬ್ಬ ಹೆಂಗಸು ಪ್ರತಿ ಸಭೆಗೂ ಬರುತ್ತಿದ್ದರು. ಅಡುಗೆಯವರಿಗೆ ಇಲ್ಲೇನು ಕೆಲಸ ಅಂದುಕೊಂಡಿದ್ದೆ. ಪುಣ್ಯಕ್ಕೆ ಬಾಯಿಬಿಟ್ಟು ಹೇಳಿರಲಿಲ್ಲ. ಮೂರನೇ ಸಭೆಯಲ್ಲಿ ಅವರು ಒಂದು ಹಾಳೆ ಹಂಚಿದರು. ಇಂಟರ್ನೆಟ್ ರಿಯಾಯಿತಿ ನಿಂತಿರುವುದು ಶಾಲೆಯ ಊಟದ ಲೆಕ್ಕದ ಮೇಲೆ. ಉಚಿತ ಅಥವಾ ಕಡಿಮೆ ಬೆಲೆಯ ಊಟಕ್ಕೆ ಅರ್ಹರಾದ ಮಕ್ಕಳು ನೂರಕ್ಕೆ 20ರಿಂದ 34 ಇದ್ದರೆ ನಮ್ಮಂಥ ನಗರ ಪ್ರದೇಶದ ಶಾಲೆಗೆ 50 ರಿಯಾಯಿತಿ. 35 ಮುಟ್ಟಿದರೆ 60. 50 ದಾಟಿದರೆ 80.

ನಮ್ಮ ಪ್ರೈಮರಿ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅರ್ಹರು. ಅದೇ ಮಕ್ಕಳು ಬೆಳೆದು ಹೋಗುವ ಹೈಸ್ಕೂಲಿನಲ್ಲಿ ಮೂರರಲ್ಲಿ ಒಂದು ಪಾಲೂ ಇಲ್ಲ!

"ಆ ಹೊತ್ತಿಗೆ ಅಪ್ಪ ಅಮ್ಮನ ಸಂಬಳ ಜಾಸ್ತಿ ಆಗಿರುತ್ತಲ್ಲ" ಅಂದರು ಒಬ್ಬರು. ತಲೆಗಳು ಅಲ್ಲಾಡಿದವು. ಆ ಹೆಂಗಸು ಮಾತ್ರ, "ಸಂಬಳ ಜಾಸ್ತಿ ಆಗಿರಲ್ಲ. ಮಕ್ಕಳು ಫಾರಂ ಮನೆಗೆ ಕೊಡಲ್ಲ, ಅಷ್ಟೇ" ಅಂದರು.

ನನಗೆ ಆ ಮಾತು ಬಿಡಿಸಿ ಹೇಳಬೇಕಿರಲಿಲ್ಲ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎಪ್ಪತ್ತರ ದಶಕದಲ್ಲಿ ಕೇರ್ ಉಪ್ಪಿಟ್ಟು ಕೊಡುತ್ತಿದ್ದರು. ಅಮೆರಿಕದಿಂದ ಬಂದ ಗೋಧಿ, ಅಮೆರಿಕದ ಎಣ್ಣೆ. ಅದರ ವಾಸನೆ ಈಗಲೂ ನನ್ನ ಮೂಗಲ್ಲಿದೆ. ನಾಲ್ಕನೇ ಕ್ಲಾಸಿನವರೆಗೆ ಮುತ್ತುಗದ ಎಲೆ ಹಿಡಿದು ಓಡಿ ಹೋಗಿ ಸಾಲಲ್ಲಿ ಕೂರುತ್ತಿದ್ದೆ. ಏಳನೇ ಕ್ಲಾಸಿಗೆ ಬರುವಾಗ ಅಂಗಡಿ ಶೆಟ್ಟರ ಮಗ ಸಾಲಲ್ಲಿ ಕೂರದವರ ಜೊತೆ ನಿಂತು ನಗುತ್ತಿದ್ದ. "ಯಾಕೋ, ಉಪ್ಪಿಟ್ಟು ಬೇಡ್ವೇನೋ?" ಅಂತ ಮೇಷ್ಟ್ರು ಕೇಳಿದರೆ, "ಹಸಿವಿಲ್ಲ ಸಾ" ಅನ್ನುತ್ತಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಆ ವರ್ಷ ಉಪ್ಪಿಟ್ಟು ತಿಂದವರನ್ನು ಎಣಿಸಿದ್ದರೆ ನಮ್ಮ ಮನೆಯ ಬಡತನ ತೀರಿತು ಅಂತಲೇ ಬರೆದುಕೊಳ್ಳುತ್ತಿದ್ದರು.

ಸಮಿತಿಯಲ್ಲಿ ಇದನ್ನು ಹೇಳಿದೆ. ಸ್ಲೈಡು ಇರಲಿಲ್ಲ. ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಕೆಲಸ ಶುರುವಾಯಿತು. ತಮ್ಮನೋ ತಂಗಿಯೋ ಪ್ರೈಮರಿಯಲ್ಲಿ ಅರ್ಹರಾಗಿದ್ದರೆ ಹೈಸ್ಕೂಲಿನ ಅಕ್ಕ ಅಣ್ಣನನ್ನೂ ಎಣಿಸಬಹುದು ಅಂತ ಇ-ರೇಟ್ ನಿಯಮದಲ್ಲೇ ದಾರಿ ಇತ್ತು. ಆ ಹೆಂಗಸು ಮತ್ತು ಅವರ ಸಹಾಯಕಿ ವಿಳಾಸ ಹೋಲಿಸಿ ಎರಡು ವಾರ ಪಟ್ಟಿ ಮಾಡಿದರು. ಉಳಿದವರಿಗೆ ಫಾರಂ ಮಕ್ಕಳ ಕೈಗೆ ಕೊಡದೆ ನೇರ ಮನೆಗೆ ಅಂಚೆಯಲ್ಲಿ ಕಳಿಸುವುದು ಅಂತ ತೀರ್ಮಾನವಾಯಿತು. ಜೊತೆಗಿಡುವ ಕಾಗದ ಬರೆದವನು ನಾನು. 'ನಿಮ್ಮ ಮಗು ಶಾಲೆಯ ಊಟ ಮಾಡಬೇಕಾಗಿಯೂ ಇಲ್ಲ. ನೀವು ಫಾರಂ ತುಂಬಿದರೆ ಎಲ್ಲ ಮಕ್ಕಳಿಗೂ ಅನುಕೂಲ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ.' ಬರೆಯೋದು ಎಷ್ಟು ಸುಲಭ ನೋಡಿ.

2009ರ ಜುಲೈನಲ್ಲಿ ನನ್ನ ಕೆಲಸ ಹೋಯಿತು. ಒಂದೇ ಬೆಳಿಗ್ಗೆ ನಮ್ಮ ಇಡೀ ತಂಡವನ್ನು ಮನೆಗೆ ಕಳಿಸಿದರು. ಹೆಂಡತಿಯ ಅರೆಕಾಲಿಕ ಸಂಬಳ, ನನ್ನ ನಿರುದ್ಯೋಗ ಭತ್ಯೆ, ಇಷ್ಟರಲ್ಲಿ ಮನೆ ನಡೆಯಬೇಕು. ಆಗಸ್ಟಿನಲ್ಲಿ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಊಟದ ಫಾರಮ್ಮು, ಜೊತೆಗೆ ನಾನೇ ಬರೆದ ಕಾಗದ.

ಕುಟುಂಬದ ವರಮಾನ ಬಡತನ ರೇಖೆಯ 185 ಪರ್ಸೆಂಟಿನ ಒಳಗಿದ್ದರೆ ಕಡಿಮೆ ಬೆಲೆಯ ಊಟಕ್ಕೆ ಅರ್ಹರು. ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಹಾಕಿದೆ. ಒಳಗಿದ್ದೆವು. ಮೂರು ಸಲ ಕೂಡಿದರೂ ಒಳಗೇ ಇದ್ದೆವು. ಫಾರಮ್ಮನ್ನು ಫ್ರಿಜ್ಜಿನ ಮೇಲಿಟ್ಟೆ. ಒಂದು ವಾರ ಅದು ಅಲ್ಲೇ ಇತ್ತು. ಬೇಗ ಇನ್ನೊಂದು ಕೆಲಸ ಸಿಗುತ್ತೆ ಬಿಡು ಅನ್ನಿಸೋದು. ಸಮಿತಿಯವರಿಗೆ ಗೊತ್ತಾಗುತ್ತೆ ಅನ್ನಿಸೋದು. ಮಗಳಿಗೆ ಪ್ರೈಮರಿಯಲ್ಲಿ ತಮ್ಮ ತಂಗಿ ಯಾರೂ ಇಲ್ಲ. ನಾನು ತುಂಬದಿದ್ದರೆ ಯಾವ ಪಟ್ಟಿಯೂ ಅವಳನ್ನು ಹಿಡಿಯುವುದಿಲ್ಲ ಅನ್ನುವುದೂ ಗೊತ್ತಿತ್ತು. ಹಸಿವಿಲ್ಲ ಸಾ.

ಕೊನೆಗೆ ಫಾರಮ್ಮನ್ನು ಕೆಳಗಿಳಿಸಿದ್ದು ಮಗಳು. "ಅಪ್ಪಾ, ಇದು ನೀನೇ ಬರೆದಿದ್ದಲ್ವಾ?" ಅಂತ ಕಾಗದ ತೋರಿಸಿದಳು. ಅವಳಾಗ ಒಂಬತ್ತನೇ ಕ್ಲಾಸು. "ಆದ್ರೆ ನಾನು ಮನೆಯಿಂದ ಮೊಸರನ್ನ ತಗೊಂಡು ಹೋಗೋದಲ್ವಾ?"

"ನೀನು ಅಲ್ಲಿ ಊಟ ಮಾಡ್ಬೇಕಿಲ್ಲ ಪುಟ್ಟಿ. ಎಣಿಕೆಗೆ ಸಿಕ್ಕರೆ ಸಾಕು."

"ಮತ್ಯಾಕೆ ಒಂದು ವಾರದಿಂದ ಇಟ್ಕೊಂಡಿದೀಯಾ?"

ಉತ್ತರ ಇರಲಿಲ್ಲ. ಪೆನ್ನು ತಗೊಂಡು ಕೂತೆ.

ಮಾರನೇ ದಿನ ನಾನೇ ಹೋಗಿ ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಕೊಟ್ಟೆ. ಆ ಹೆಂಗಸು ಹೆಸರು ನೋಡಿದರು, ಸಹಿ ಇದೆಯಾ ನೋಡಿದರು, ಬೇರೆ ಫಾರಮ್ಮುಗಳ ಕಟ್ಟಿನ ಮೇಲೆ ಇಟ್ಟರು. "ಮಂಗಳವಾರ ಸಮಿತಿ ಸಭೆ ಇದೆ, ಬರ್ತೀರಲ್ಲ?" ಅಂತ ಕೇಳಿದರು.

ಬರ್ತೀನಿ ಅಂದೆ.